ಮೂಲ ಯಾವುದಾದರೇನು, ಮೊಹರು ಢಾಳಾಗಿದ್ದರೆ ಸಾಕು

ಮನೋವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವವರು ತಾವು ಆಧರಿಸುವ ಲೇಖನ, ಪುಸ್ತಕ, ವರದಿಗಳು ನಂಬಲು ಯೋಗ್ಯವೇ ಎಂದು ಮೊದಲು ಪರಿಶೀಲಿಸಬೇಕೆಂಬ ಕಟ್ಟಳೆಯೊಂದು ಜಗತ್ತಿನಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಪ್ರಯೋಗಕ್ಕೆ ಒಳಗಾದವರು ಯಾರು, ಎಷ್ಟು ಮಂದಿ, ಅಳೆಯಲು ಬಳಸಿದ ಮಾಪನಿ ಯಾವುದು, ಅದೇ ಪ್ರಯೋಗವನ್ನು ಬೇರೊಬ್ಬರು ಮಾಡಿದಾಗ ಅದೇ ಫಲಿತಾಂಶ ಬಂದಿತೇ, ಪ್ರಕಟಿಸಿದವರೇ ಆ ಲೇಖನವನ್ನು ಆಮೇಲೆ ಹಿಂಪಡೆದಿದ್ದಾರೆಯೇ ಎಂದೆಲ್ಲ ಕೇಳುತ್ತ ಕೂರುವುದು ತಂಪು ದೇಶದವರಿಗೆ ಒಪ್ಪುವ ಕೆಲಸ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಅಷ್ಟು ವ್ಯವಧಾನ ಯಾರಿಗಿದೆ? ಆದ್ದರಿಂದ ನಮ್ಮವರು ಈ ಪರಿಶೀಲನೆಯನ್ನೆಲ್ಲ ಒಂದೇ ಕಡೆ, ಕಾಲೇಜು ರಸ್ತೆಯ ಡಿಟಿಪಿ ಅಂಗಡಿಯಲ್ಲಿ, ಮುಗಿಸಿಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದಾರೆ.

ಅಂಗಡಿಯ ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್‌ಗಳ ಕೆಳಗೆ ‘ಇಂಟರ್‌ನ್ಯಾಷನಲ್ ಜರ್ನಲ್ ಪಬ್ಲಿಕೇಶನ್’ ಎಂಬ ಸೇವೆಯೂ ಸೇರಿದೆ. ಮೂಲಗಳ ಯೋಗ್ಯತೆಯನ್ನು ಅಳೆಯುವ ಅಲ್ಲಿನ ವಿಧಾನವಂತೂ ಬಹಳ ಸರಳ. ಪತ್ರಿಕೆಯ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇರಬೇಕು, ಮುಖಪುಟದಲ್ಲಿ ಐಎಸ್‌ಎಸ್‌ಎನ್ ಇರಬೇಕು, ಇಂಪ್ಯಾಕ್ಟ್ ಫ್ಯಾಕ್ಟರ್ ಐದಕ್ಕೆ ಕಡಿಮೆ ಇರಬಾರದು. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕವನ್ನು ಗುರುತಿಸಲು ಕೊಡುವ ಎಂಟು ಸ್ಥಾನಗಳ ನೋಂದಣಿ ಸಂಖ್ಯೆ ಮಾತ್ರ, ಒಳಗೆ ಅಚ್ಚಾದದ್ದು ನಿಜವೋ ಸುಳ್ಳೋ ಎಂಬುದರ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅವರಿಗೆ ಇನ್ನೂ ಪ್ರಮೋಷನ್ ಆಗಿಲ್ಲವೆಂದು ತಿಳಿಯಬೇಕು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಒಂದು ಪತ್ರಿಕೆಯ ಲೇಖನಗಳು ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡವು ಎಂಬ ಲೆಕ್ಕ. ಆ ಲೆಕ್ಕ ಮಾಡುವವರು ಬೇರೆಯೇ ಇದ್ದಾರೆ. ಆದರೆ ಹಣ ಪಡೆದು ಮೂರು ದಿನದಲ್ಲಿ ಲೇಖನ ಪ್ರಕಟಿಸುವ ಪತ್ರಿಕೆಗಳು ಸ್ವಾವಲಂಬಿಗಳಾದ್ದರಿಂದ ತಮ್ಮ ಅಂಕಿಯನ್ನು ತಾವೇ ನಿಗದಿ ಮಾಡಿಕೊಳ್ಳುತ್ತವೆ.

ಈ ವ್ಯಾಪಾರ ನಮ್ಮ ಊರಿನ ಆವಿಷ್ಕಾರವೇನೂ ಅಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತರು ಎದ್ದು ಕಾಣುವ ದೋಷಗಳಿದ್ದ ಸುಳ್ಳು ಲೇಖನವೊಂದನ್ನು 304 ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಹೀಗೆ ಕಳುಹಿಸಿದ ಪತ್ರಿಕೆಗಳಲ್ಲಿ ಭಾರತದ ವಿಳಾಸದವೇ ಬಹಳ ಇದ್ದವೆಂಬುದು ನಮ್ಮ ಹೆಮ್ಮೆಯ ವಿಷಯ. 2015ರಲ್ಲಿ ಪೋಲೆಂಡಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುಟ್ಟಿಯೇ ಇರದ ಮಹಿಳೆಯೊಬ್ಬರ ಹೆಸರಿನಲ್ಲಿ 360 ಪತ್ರಿಕೆಗಳಿಗೆ ಸಂಪಾದಕಿಯ ಹುದ್ದೆ ಕೋರಿ ಅರ್ಜಿ ಹಾಕಿದರು. ಆಕೆ ಬರೆದ ಒಂದು ಲೇಖನವೂ ಜಗತ್ತಿನಲ್ಲಿ ಇರಲಿಲ್ಲ, ಆದರೂ 48 ಪತ್ರಿಕೆಗಳು ಆಕೆಯನ್ನು ಸಂತೋಷದಿಂದ ನೇಮಿಸಿಕೊಂಡವು. ಇಂಥ ಪತ್ರಿಕೆಯಲ್ಲಿ ‘ತಜ್ಞರ ಪರಿಶೀಲನೆಗೆ ಒಳಪಟ್ಟಿದೆ’ ಎಂದು ಅಚ್ಚಾಗಿದ್ದರೆ ಆ ತಜ್ಞರಿಗೆ ಕನಿಷ್ಠ ಜನ್ಮವಾದರೂ ಆಗಿದೆಯೇ ಎಂದು ವಿಚಾರಿಸುವುದು ಅನುಚಿತವೇನಲ್ಲ.

ಸರ್ಕಾರ ಕೈಕಟ್ಟಿ ಕುಳಿತಿತ್ತೆಂದು ಹೇಳಿದರೆ ಅನ್ಯಾಯವಾದೀತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2017ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿಯೊಂದನ್ನು ಹೊರಡಿಸಿತು, 2018ರಲ್ಲಿ ಅದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು, 2019ರಲ್ಲಿ ಕೇರ್ ಎಂಬ ಹೊಸ ಪಟ್ಟಿಯನ್ನು ತಂದಿತು, 2025ರಲ್ಲಿ ಅದನ್ನೂ ಕೈಬಿಟ್ಟು, ಯಾವುದು ಯೋಗ್ಯ ಯಾವುದು ಅಯೋಗ್ಯ ಎಂಬುದನ್ನು ಆಯಾ ಸಂಸ್ಥೆಗಳೇ ನಿರ್ಧರಿಸಿಕೊಳ್ಳಲಿ ಎಂದಿತು. ಹೀಗೆ ಎಂಟು ವರ್ಷ ಸುತ್ತಾಡಿದ ಅಧಿಕಾರವು ನಮ್ಮ ಮಟ್ಟಿಗೆ ಮತ್ತೆ ಡಿಟಿಪಿ ಅಂಗಡಿಗೇ ಬಂದು ತಲುಪಿತು.

ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕಾದರೆ ಒಬ್ಬ ಸಂಶೋಧನಾರ್ಥಿಯ ಪ್ರಬಂಧದ ಎರಡನೆಯ ಅಧ್ಯಾಯದೊಳಗೆ, ಅಂದರೆ ಹಿಂದಿನ ಸಂಶೋಧನೆಗಳನ್ನು ಪರಾಮರ್ಶಿಸುವ ‘ಲಿಟರೇಚರ್ ರಿವ್ಯೂ’ದೊಳಗೆ, ಇಣುಕಬೇಕು. ಕೊಳಕಾದ ಜಾಗದಲ್ಲಿ ಮನುಷ್ಯರು ಪರರಿಂದ ಹೆಚ್ಚು ದೂರ ಕೂರುತ್ತಾರೆಯೇ ಎಂಬುದು ಆಕೆಯ ವಿಷಯ. ಆಧಾರವಾಗಿ ಗೈಡ್ ಸಾಹೇಬರು ಕೊಟ್ಟದ್ದು ನೆದರ್ಲೆಂಡ್ಸ್‌ನ ಡೀಡೆರಿಕ್ ಸ್ಟಾಪೆಲ್ ಎಂಬ ಪ್ರಾಧ್ಯಾಪಕರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಉಟ್ರೆಕ್ಟ್ ರೈಲು ನಿಲ್ದಾಣದಲ್ಲಿ ಕಸ ಗುಡಿಸುವವರು ಮುಷ್ಕರ ಹೂಡಿದ್ದಾಗ ಬಿಳಿಯ ಪ್ರಯಾಣಿಕರು ಕಪ್ಪು ವ್ಯಕ್ತಿಯಿಂದ ಹೆಚ್ಚು ದೂರ ಕುಳಿತರೆಂದೂ, ನಿಲ್ದಾಣ ಚೊಕ್ಕಟವಾದ ಮೇಲೆ ಆ ಅಂತರ ತಗ್ಗಿತೆಂದೂ ಅದು ಸಾರಿತ್ತು. ಅಂಥ ಅಳತೆ ನಡೆದೇ ಇರಲಿಲ್ಲ. ಪ್ರಾಧ್ಯಾಪಕರು ದತ್ತಾಂಶವನ್ನು ತಾವೇ ಸೃಷ್ಟಿಸಿದ್ದರು. ಅದೇ ವರ್ಷ ಅವರ ಬಳಿಯಿದ್ದ ಕಿರಿಯ ಸಂಶೋಧಕರೇ ಸಂಶಯಪಟ್ಟು ದೂರು ಕೊಟ್ಟರು, ವರ್ಷ ಮುಗಿಯುವುದರೊಳಗೆ ಪತ್ರಿಕೆಯು ಲೇಖನವನ್ನು ಹಿಂಪಡೆಯಿತು, ಮುಂದೆ ಅವರ 58 ಲೇಖನಗಳು ಹೀಗೆಯೇ ರದ್ದಾದವು. ‘ಸೈನ್ಸ್’ ಜಗತ್ತಿನ ಅತ್ಯಂತ ಗಣ್ಯ ಪತ್ರಿಕೆಗಳಲ್ಲಿ ಒಂದು. ಹಾಗಾಗಿ ಮೊಹರು ಅಸಲಿಯಾಗಿದ್ದರೂ ಒಳಗಿನ ಸರಕನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ ಎಂಬ ಕಿರಿಕಿರಿಯ ಸಂಗತಿಯೂ ಇಲ್ಲಿ ಅಡಗಿದೆ.

ನಮ್ಮ ಸಂಶೋಧನಾರ್ಥಿಗೆ ದೊರೆತ ಪ್ರತಿಯ ಪುಟಪುಟದ ಮೇಲೂ ಈ ಲೇಖನವನ್ನು ಹಿಂಪಡೆಯಲಾಗಿದೆ ಎಂಬ ಕೆಂಪು ಬರಹ ಓರೆಯಾಗಿ ಇತ್ತು. ಅಂಗಡಿಯಿಂದ ಪ್ರಿಂಟ್ ಬಂದಾಗ ಅದು ಇರಲಿಲ್ಲ. “ಅಡ್ಡ ಏನೋ ಕೆಂಪಗೆ ಬರದಿತ್ರಿ ಮೇಡಂ, ಪ್ರಿಂಟ್ ಹೊಲಸಾಗ್ತಿತ್ತು. ನಾನೇ ಅಳಿಸಿ ಕ್ಲೀನ್ ಮಾಡೀನಿ, ಅದಕ್ಕ ಬ್ಯಾರೆ ರೊಕ್ಕ ಕೊಡಬ್ಯಾಡ್ರಿ” ಎಂದು ಮಾಲೀಕರು ಸೌಜನ್ಯದಿಂದ ತಿಳಿಸಿದರು. ಆಮ್ಸ್ಟರ್‌ಡ್ಯಾಮ್, ಟಿಲ್ಬರ್ಗ್ ಮುಂತಾದ ವಿಶ್ವವಿದ್ಯಾಲಯಗಳು ಸಮಿತಿಗಳನ್ನು ನೇಮಿಸಿ ತಿಂಗಳುಗಟ್ಟಲೆ ಶ್ರಮಿಸಿ ಕಳೆದಿದ್ದ ಸ್ಟಾಪೆಲ್ ಅವರ ಮರ್ಯಾದೆಯನ್ನು ನಮ್ಮ ಡಿಟಿಪಿ ಅಂಗಡಿಯು ಪುಕ್ಕಟೆಯಾಗಿ ಮರಳಿ ಕೊಡಿಸಿತು.

ಕೌಲ್ ಬಜಾರಿನ ಕಡೆ ಜೀನ್ಸ್ ಹೊಲಿಯುವ ಮನೆಗಳಿಗೆ ಸಗಟು ಖರೀದಿಗೆ ಬರುವ ವ್ಯಾಪಾರಿ ಮೊದಲು ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ಎಳೆದು ನೋಡುತ್ತಾನೆ, ಜಿಪ್ ಹಾಕಿ ತೆಗೆದು ನೋಡುತ್ತಾನೆ, ಲೇಬಲ್ಲಿನ ಮಾತು ಆಮೇಲೆ. ಆತ ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದರಿಂದ ಆತನಿಗೆ ಲಿಟರೇಚರ್ ರಿವ್ಯೂ ಬರೆಯುವ ಕ್ರಮ ಗೊತ್ತಿಲ್ಲ.

ಗೈಡ್ ಸಾಹೇಬರದು ಎರಡು ಅಚಲ ನಿಯಮ. ಆಕರಸೂಚಿಯಲ್ಲಿ ನೂರೈವತ್ತಕ್ಕೆ ಕಡಿಮೆ ನಮೂದು ಇರಕೂಡದು, ಅವುಗಳಲ್ಲಿ ಒಂದೂ ಹತ್ತು ವರ್ಷಕ್ಕಿಂತ ಹಳೆಯದಾಗಿರಕೂಡದು (ತಾವೇ ಕೊಟ್ಟ ಲೇಖನಕ್ಕೆ ಈ ನಿಯಮ ಅನ್ವಯಿಸದು, ಗುರುವಿಗೆ ವಿನಾಯಿತಿ ಉಂಟು). 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆನೆಂದು ಬರೆದಿಟ್ಟು ಮರೆವಿನ ರೇಖೆಯನ್ನು ಎಳೆದ. 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು ಅದನ್ನೇ ಮತ್ತೆ ಮಾಡಿದಾಗ ಹೆಚ್ಚುಕಡಿಮೆ ಅದೇ ರೇಖೆ ಮೂಡಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ದೊಡ್ಡ ಪ್ರಯತ್ನದಲ್ಲಿ ಮನೋವಿಜ್ಞಾನದ ಮೂರು ಗಣ್ಯ ಪತ್ರಿಕೆಗಳ 2008ರ ಸಂಚಿಕೆಗಳಿಂದ ಆರಿಸಿದ 100 ಅಧ್ಯಯನಗಳನ್ನು ಪುನಃ ಮಾಡಿ ನೋಡಲಾಗಿ, ಮೂಲದಲ್ಲಿ ಶೇ. 97ರಷ್ಟು ಅಧ್ಯಯನಗಳು ತೋರಿಸಿದ್ದ ಸಾರ್ಥಕ (ಬರೀ ಆಕಸ್ಮಿಕವೆನ್ನಲಾಗದ) ಫಲಿತಾಂಶವು ಎರಡನೆಯ ಸಲ ಶೇ. 36ರಷ್ಟರಲ್ಲಿ ಮಾತ್ರ ಕಂಡಿತು. ಹೀಗಿದ್ದರೂ ಎಬ್ಬಿಂಗ್‌ಹೌಸ್ ಹಳಬನೆಂಬ ಕಾರಣಕ್ಕೆ ಆಕರಸೂಚಿಯಿಂದ ಹೊರಬಿದ್ದ. ಕಳೆದ ತಿಂಗಳು ಎರಡು ಸಾವಿರ ರೂಪಾಯಿ ಕಟ್ಟಿ ಪ್ರಕಟವಾದ, ಎಷ್ಟು ಮಂದಿಯನ್ನು ಪರೀಕ್ಷಿಸಿತೆಂದೇ ಹೇಳದ ನಾಲ್ಕು ಪುಟದ ಲೇಖನ ಒಳಗೆ ಬಂತು. ಮನುಷ್ಯನ ಅಗತ್ಯಗಳನ್ನು ಮೆಟ್ಟಿಲುಮೆಟ್ಟಿಲಾಗಿ ವಿಂಗಡಿಸಿದ ಮಾಸ್ಲೋ ಮಾತ್ರ ಎಲ್ಲ ನಿಯಮ ಮೀರಿ ತನ್ನ ತ್ರಿಕೋನದೊಂದಿಗೆ ಉಳಿದುಕೊಂಡ. ಆತನ 1943ರ ಮೂಲ ಲೇಖನದಲ್ಲಿ ಆ ತ್ರಿಕೋನವೇ ಇಲ್ಲ ಎಂಬುದು ಅದನ್ನು ತೆರೆದು ನೋಡಿದವರಿಗೆ ತಿಳಿಯುತ್ತದೆ. ಬಿ.ಇಡಿ. ನೋಟ್ಸಿನಿಂದ ನಕಲು ಮಾಡಿ ಮೂಲದ ಹೆಸರು ಹಾಕುವವರಿಗೆ ಆ ತೊಂದರೆ ಇಲ್ಲ.

ಕೃತಿಚೌರ್ಯದ ತಪಾಸಣೆ ಇದೆಯಲ್ಲ ಎಂದು ಕೇಳಬಹುದು. ಇದೆ. 2018ರ ನಿಯಮದ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಸ್ವಂತ ವಾಕ್ಯದಲ್ಲಿ ಹೇಳಿದ ಶುದ್ಧ ಸುಳ್ಳಿಗೆ ಆ ಯಂತ್ರ ಸೊನ್ನೆ ಕೊಟ್ಟು ಕೈಮುಗಿಯುತ್ತದೆ. ಈಚೆಗಂತೂ ಕೇಳಿದ ತಕ್ಷಣ ಲೇಖಕರ ಹೆಸರು, ವರ್ಷ, ಸಂಪುಟ, ಪುಟಸಂಖ್ಯೆಗಳ ಸಮೇತ ಇಲ್ಲದ ಲೇಖನಗಳನ್ನು ಹೆಣೆದುಕೊಡುವ ಎಐ ಬಂದಿದೆ. ಇಲ್ಲದ ಲೇಖನಕ್ಕೆ ಹೋಲಿಕೆಯೂ ಇರುವುದಿಲ್ಲವಾದ್ದರಿಂದ ನೂರೈವತ್ತರ ಗುರಿ ತಲುಪುವುದು ಸುಲಭವಾಗಿದೆ.

ಇಡೀ ಪ್ರಬಂಧದಲ್ಲಿ ನಂಬಬಹುದಾದ ಮೂಲವೊಂದು ಇತ್ತು. ಸಂಶೋಧನಾರ್ಥಿ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಕುಳಿತು, ಕಸ ಗುಡಿಸುವ ಮೊದಲು ಮತ್ತು ಗುಡಿಸಿದ ನಂತರ ಯಾರು ಯಾವ ಬೆಂಚಿನಲ್ಲಿ ಯಾರಿಂದ ಎಷ್ಟು ದೂರ ಕುಳಿತರು ಎಂದು ಗೆರೆ ಹಾಕಿ ಬರೆದಿಟ್ಟ ನೋಟ್‌ಬುಕ್ಕುಗಳು. ದಿನಾಂಕ, ಹೊತ್ತು, ಬೆಂಚಿನ ನಕ್ಷೆ ಎಲ್ಲವೂ ಅವುಗಳಲ್ಲಿ ಇದ್ದವು. ಕಸಕ್ಕೂ ಅಂತರಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಜನರೆಲ್ಲ ಜಾತಿ, ಕುಲ, ಕಸ, ಉಗುಳು ಯಾವುದನ್ನೂ ಲೆಕ್ಕಿಸದೆ ತಿರುಗುತ್ತಿದ್ದ ಒಂದೇ ಒಂದು ಫ್ಯಾನಿನ ಕೆಳಗೆ ಒತ್ತೊತ್ತಾಗಿ ಕುಳಿತಿದ್ದರು. ಮನೋವಿಜ್ಞಾನದ ಪ್ರಮುಖ ಅಮೆರಿಕನ್ ಪತ್ರಿಕೆಗಳಲ್ಲಿ ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 96ರಷ್ಟು ಮಂದಿ ಜಗತ್ತಿನ ಶೇ. 12ರಷ್ಟು ಜನರಿರುವ ಪಾಶ್ಚಾತ್ಯ ದೇಶಗಳವರು ಎಂದು 2008ರಲ್ಲೇ ಲೆಕ್ಕ ಹಾಕಿ ತೋರಿಸಲಾಗಿತ್ತು. ಅಂಥ ಶಾಸ್ತ್ರಕ್ಕೆ ಸಿರುಗುಪ್ಪದ ಫ್ಯಾನು ಒಂದು ಸಣ್ಣ ಕಾಣಿಕೆಯಾಗಬಹುದಿತ್ತು.

ಗೈಡ್ ಸಾಹೇಬರು ಕೋಷ್ಟಕ ನೋಡಿ ನೊಂದುಕೊಂಡರು. “ಏನಮ್ಮಾ, ಮೂರು ವರ್ಷ ಓಡಾಡಿ ಫ್ಯಾನ್ ಕಂಡುಹಿಡಿದು ಬಂದೆಯಾ? ಫ್ಯಾನಿಗೆ ಥಿಯರಿ ಎಲ್ಲಿದೆ? ಸೈನ್ಸ್ ಜರ್ನಲ್‌ನಲ್ಲಿ ಬಂದದ್ದಕ್ಕೆ ನಿನ್ನ ಡೇಟಾ ಮ್ಯಾಚ್ ಆಗುತ್ತಿಲ್ಲ ಅಂದರೆ ತಪ್ಪು ಯಾರದು?” ಎಂದು ಕೇಳಿದರು. “ಸರ್, ಆ ಲೇಖನ...” ಎಂದು ಆಕೆ ಬಾಯಿ ತೆರೆದಳಾದರೂ, ಸ್ಕಾಲರ್‌ಶಿಪ್ಪಿನ ಕಾಗದಕ್ಕೆ ಅವರ ಸಹಿ ಬಾಕಿ ಇದ್ದುದರಿಂದ ಮಾತು ಮುಂದುವರಿಯಲಿಲ್ಲ. ನಡೆಯದ ಪ್ರಯೋಗಕ್ಕೆ ತಾಳೆಯಾಗುವಂತೆ ನಡೆದ ಪ್ರಯೋಗದ ಅಂಕಿಗಳನ್ನು ಸರಿಪಡಿಸುವ ಕೆಲಸ ಒಂದು ಮಧ್ಯಾಹ್ನದಲ್ಲಿ, ಅದೇ ಅಂಗಡಿಯಲ್ಲಿ, ಮುಗಿಯಿತು. ನೋಟ್‌ಬುಕ್ಕುಗಳಿಗೆ ಐಎಸ್‌ಎಸ್‌ಎನ್ ಇರಲಿಲ್ಲವಾದ್ದರಿಂದ ಅವು ಅನುಬಂಧಕ್ಕೂ ಸೇರಲಿಲ್ಲ.

ವೈವಾ ದಿನ ಬಾಹ್ಯ ಪರೀಕ್ಷಕರು ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದುಕೊಂಡು ಕುಳಿತು, ಎಡಬದಿಯ ಅಂಚು ಒಂದೂವರೆ ಇಂಚು ಇದೆಯೇ ಎಂದು ಸ್ಕೇಲಿನಿಂದ ಅಳೆದು, ಆಕರಸೂಚಿಯಲ್ಲಿ ನೂರ ಅರವತ್ತೆರಡು ನಮೂದುಗಳಿರುವುದನ್ನು ಎಣಿಸಿ ಮೆಚ್ಚಿದರು. ಪದವಿ ಬಂತು. ಈಗ ಆ ಪ್ರಬಂಧ ಎಲ್ಲರಿಗೂ ಸಿಗುತ್ತದೆ. ಕೊಪ್ಪಳದ ಇನ್ನೊಬ್ಬ ಸಂಶೋಧನಾರ್ಥಿ ತನ್ನ ಎರಡನೆಯ ಅಧ್ಯಾಯದಲ್ಲಿ, ಸ್ಟಾಪೆಲ್ ಅವರ ಸಿದ್ಧಾಂತವು ಕಲ್ಯಾಣ ಕರ್ನಾಟಕದಲ್ಲಿಯೂ ದೃಢಪಟ್ಟಿದೆ ಎಂದು ಅದನ್ನು ಆಧರಿಸಿ ಬರೆದಿದ್ದಾನೆ, ಅವನ ಗೈಡ್ ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ‘ಗುಡ್’ ಎಂದು ಗುರುತು ಹಾಕಿದ್ದಾರೆ.