ಮೊಂಡು ಚಾಕುವಿನ ಸಹವಾಸ

ನಮ್ಮನೆ ಚಾಕು ಮೊಂಡಾಗಿದೆ ಅಂತ ನನಗೆ ಗೊತ್ತಾಗಿದ್ದು ನನ್ನ ಬಿಳಿ ಅಂಗಿಯ ಮೂಲಕ. ಭಾನುವಾರ ಬೆಳಿಗ್ಗೆ, ಉಪ್ಪಿಟ್ಟಿಗೆ ಟೊಮೆಟೊ ಹೆಚ್ಚಿಕೊಡೋಣ ಎಂದು ನಿಂತೆ. ಚಾಕು ಟೊಮೆಟೊ ಮೇಲೆ ಕೂತಿತೇ ಹೊರತು ಒಳಗೆ ಇಳಿಯಲಿಲ್ಲ. ಇನ್ನಷ್ಟು ಒತ್ತಿದೆ. ರಸ, ಬೀಜ ಎಲ್ಲ ಪಿಚಕ್ಕನೆ ಎದೆಗೆ ಹಾರಿತು.

‘ಆ ಚಾಕು ಎರಡು ವರ್ಷದಿಂದ ಹಾಗೇ ಇದೆ. ನೀವು ಅಡುಗೆಮನೆಗೆ ಬಂದಿದ್ದು ಇವತ್ತು’ ಅಂದಳು ಹೆಂಡತಿ.

ಈಳಿಗೆಮಣೆ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ ತಲೆ ಎತ್ತದೆ, ‘ಕಪ್ ಬೋರಲು ಹಾಕ್ಕೊಂಡು ಅದರ ತಳಕ್ಕೆ ಉಜ್ಜೋ’ ಅಂದರು. ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ಲದ ಒರಟು ಅಂಚೊಂದು ಇರುತ್ತದಲ್ಲ, ಅದು ಚಾಕುವಿನ ಉಕ್ಕಿಗಿಂತ ಗಟ್ಟಿ. ಉಪಾಯ ನಿಜಕ್ಕೂ ಒಳ್ಳೆಯದೇ. ಆದರೆ ನನ್ನ ಕೈಗೆ ಸಿಕ್ಕಿದ್ದು ಹೆಂಡತಿಯ ತವರಿನಿಂದ ಬಂದ ಆರು ಕಪ್ಪಿನ ಸೆಟ್ಟು. ಈಗ ಅದು ಐದು ಕಪ್ಪಿನ ಸೆಟ್ಟು.

ಆಮೇಲೆ ಆನ್‌ಲೈನ್‌ನಲ್ಲಿ ಒಂದು ಸಾಧನ ತರಿಸಿದೆ. ‘ವಿ’ ಆಕಾರದ ಸೀಳಿನಲ್ಲಿ ಚಾಕುವನ್ನು ಎಳೆದರೆ ಸಾಕಂತೆ. ಎಳೆದೆ. ಆ ಕಿರ್‍ರೆನ್ನುವ ಸದ್ದಿಗೆ ನನ್ನ ಹಲ್ಲೆಲ್ಲ ಜುಮ್ಮೆಂದವು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ಉಕ್ಕಿನ ಪುಡಿ ಉದುರಿತು. ಅದು ಅಲಗನ್ನು ಮಸೆಯುವುದಲ್ಲ, ಕೊಬ್ಬರಿಯ ಹಾಗೆ ತುರಿಯುವುದು. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಚಾಕು ಗರಗಸವಾಯಿತು. ಟಿವಿಯಲ್ಲಿ ಬಾಣಸಿಗರು ಸರಕ್ ಸರಕ್ ಎಂದು ಉಜ್ಜುವ ಉದ್ದನೆಯ ಕಂಬಿಯನ್ನೂ ತಂದೆ. ಬಳಸಿ ಬಳಸಿ ಬಾಗಿದ ಅಂಚನ್ನು ನೆಟ್ಟಗೆ ಮಾಡುವುದಷ್ಟೇ ಅದರ ಕೆಲಸ. ಅಂಚೇ ಇಲ್ಲದ ಚಾಕುವಿಗೆ ಅದು ಬೋಳುತಲೆಗೆ ಬಾಚಣಿಗೆ ಇದ್ದ ಹಾಗೆ.

ಇಷ್ಟಾಗುವಾಗ ಒಂದು ದಿನ ಕೆಳಗಿನಿಂದ ಕೂಗು ಕೇಳಿಸಿತು: ‘ಸಾಣೇ... ಚಾಕು, ಕತ್ರಿ ಸಾಣೇ...’ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದು ಬೆಲ್ಟಿನಿಂದ ಸಾಣೆಚಕ್ರ ತಿರುಗಿಸಿ ಕಿಡಿ ಹಾರಿಸುತ್ತಿದ್ದವರನ್ನು ಚಿಕ್ಕಂದಿನಲ್ಲಿ ಬಾಯಿಬಿಟ್ಟುಕೊಂಡು ನೋಡಿದವನು ನಾನು. ಲುಂಗಿಯಲ್ಲೇ, ಚಾಕು ಹಿಡಿದು ಲಿಫ್ಟಿಗೆ ಓಡಿದೆ. ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಮಗುವಿನ ಕೈ ಹಿಡಿದು ನಿಂತಿದ್ದ ಹೆಂಗಸು ನನ್ನ ಮುಖ ನೋಡಿದರು, ಕೈ ನೋಡಿದರು.

‘ಸಾಣೆ ಹಿಡಿಸೋಕೆ’ ಅಂದೆ, ನಗುತ್ತಾ. ನಗಬಾರದಿತ್ತು.

‘ನೀವು ಹೋಗಿ ಅಂಕಲ್, ನಾವು ಆಮೇಲೆ ಬರ್ತೀವಿ’ ಎಂದು ಅವರು ಮಗುವನ್ನು ಹಿಂದಕ್ಕೆ ಎಳೆದುಕೊಂಡರು. ನಾನು ಗೇಟು ಮುಟ್ಟುವಷ್ಟರಲ್ಲಿ ಸೈಕಲ್ಲು ತಿರುವು ದಾಟಿತ್ತು. ಸೆಕ್ಯೂರಿಟಿಯವನು ಮಾತ್ರ ಎದ್ದು ನಿಂತಿದ್ದ, ತುಸು ದೂರದಲ್ಲಿ.

ಕೊನೆಗೆ ಬಂದಿದ್ದು ನೀರುಗಲ್ಲು, ಅಂದರೆ ನೀರಲ್ಲಿ ನೆನೆಸಿ ಚಾಕು ಮಸೆಯುವ ಕಲ್ಲು. ಒಂದು ಮಗ್ಗುಲಿನ ನಂಬರು 1000, ಇನ್ನೊಂದರದು 6000. ಅಂಕಿ ದೊಡ್ಡದಾದಷ್ಟೂ ಕಲ್ಲು ನಯ. ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಲ್ಲಿ ನೆನೆಹಾಕಬೇಕು. ‘ಉದ್ದಿನಬೇಳೆ ಜೊತೆಗೇ ನೆನೆಹಾಕ್ಲಾ?’ ಅಂತ ಹೆಂಡತಿ ಕೇಳಿದಳು. ಅಲಗನ್ನು 15ರಿಂದ 20 ಡಿಗ್ರಿ ಓರೆ ಹಿಡಿದು, ಕೋನ ತಪ್ಪದಂತೆ ಉಜ್ಜುತ್ತಾ ಹೋಗಬೇಕು. ಮಗಳ ಜ್ಯಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟುಕೊಂಡೇ ಕೂತೆ. ಒಂದು ಕಡೆ ಮಸೆದಂತೆಲ್ಲ ಮತ್ತೊಂದು ಕಡೆಯ ಅಂಚಿಗೆ ಕೂದಲೆಳೆಯಷ್ಟು ಉಕ್ಕು ಮಡಚಿಕೊಳ್ಳುತ್ತದೆ; ಬೆರಳಿಗೆ ಅದು ಸಣ್ಣಗೆ ತಾಕಿದರೆ ಇನ್ನು ಆ ಕಡೆಯನ್ನು ಮಸೆಯಬಹುದು ಎಂದರ್ಥ. ಅದು ತಾಕಿದ ಕ್ಷಣ ನನಗೆ ಮಗಳ ಮಾರ್ಕ್ಸ್‌ಕಾರ್ಡ್ ನೋಡಿದಾಗಲೂ ಆಗದಷ್ಟು ಸಂತೋಷವಾಯಿತು.

ಎರಡು ಗಂಟೆ ಹಿಡಿಯಿತು. ಹಳೇ ಪೇಪರಿನ ಹಾಳೆ ಸುಯ್ಯೆಂದು ಸೀಳಿತು. ಟೊಮೆಟೊ ಮೇಲೆ ಚಾಕು ಇಟ್ಟರೆ ಸಾಕು, ಅದೇ ಇಳಿಯುತ್ತಿತ್ತು. ಎಲ್ಲರನ್ನೂ ಕರೆದು ತೋರಿಸಿದೆ. ಸಂಜೆಯೊಳಗೆ ಹೆಂಡತಿಯ ಹೆಬ್ಬೆರಳಿಗೆ, ನನ್ನ ತೋರುಬೆರಳಿಗೆ ಬ್ಯಾಂಡೇಜು ಬಿತ್ತು. ಮೊಂಡು ಚಾಕುವೇ ಜಾರಿ ಗಾಯ ಮಾಡುವುದು ಜಾಸ್ತಿ ಎಂದು ನಾನು ವಿವರಿಸಿದೆ. ‘ಎರಡು ವರ್ಷ ಮೊಂಡಾಗಿತ್ತು, ಒಂದು ತೊಟ್ಟು ರಕ್ತ ಬಂದಿರಲಿಲ್ಲ’ ಅಂದಳು. ಎರಡು ವರ್ಷ ಮೈಭಾರವೆಲ್ಲ ಹಾಕಿ ಒತ್ತಿ ರೂಢಿಯಾದ ಕೈ, ಹರಿತದ ಚಾಕುವನ್ನೂ ಹಾಗೇ ಒತ್ತಿತ್ತು ಎಂದು ಹೇಳಬೇಕೆಂದಿದ್ದೆ. ಕಾಫಿ ಇನ್ನೂ ಬಂದಿರಲಿಲ್ಲ, ಸುಮ್ಮನಾದೆ. ಅಮ್ಮ ಮಾತ್ರ ಈಳಿಗೆಮಣೆ ಬಿಟ್ಟು ಕದಲಲಿಲ್ಲ.

ಹತ್ತು ದಿನ ಕಳೆದು ಆಫೀಸಿನಿಂದ ಬಂದರೆ, ಆ ಚಾಕು ಗ್ರಾನೈಟ್ ಕಟ್ಟೆಯ ಮೇಲೆ ಮಲಗಿತ್ತು, ಅಲಗಿಗೆಲ್ಲ ಟೇಪಿನ ಗೋಂದು. ಪಕ್ಕದಲ್ಲಿ ನನ್ನ ಹೆಸರಿಗೆ ಬಂದಿದ್ದ ಪಾರ್ಸೆಲ್ ಡಬ್ಬ, ನೀಟಾಗಿ ಸೀಳಿದ್ದು.

‘ಏನ್ರೀ ಇದು, ಇನ್ನೊಂದು ಕಲ್ಲಾ?’

ಮಸೆದೂ ಮಸೆದೂ ಮೊದಲಿನ ಕಲ್ಲಿನ ನಡು ತಗ್ಗಾಗುತ್ತದೆ, ಅದನ್ನು ಮಟ್ಟ ಮಾಡುವ ಕಲ್ಲು ಇದು ಎಂದೆ.

ಅವಳು ಕಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ‘ಇದನ್ನ ಮಟ್ಟ ಮಾಡೋ ಕಲ್ಲು ಯಾವತ್ತು ಬರತ್ತೆ?’