2021ಕ್ಕೆ ನಿಂತುಹೋದ ಹಲಗೆ

ಮೊನ್ನೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಒಂದು ತಾಲ್ಲೂಕು ಪಂಚಾಯಿತಿ ಕಚೇರಿಗೆ ಹೋಗಿದ್ದೆ. ಗೋಡೆಯ ಮೇಲೆ ಅಧ್ಯಕ್ಷರ ಹೆಸರುಗಳ ಹಲಗೆಯಿತ್ತು. ಬಿಳಿ ಬಣ್ಣದ ಸಾಲುಗಳು 2021ಕ್ಕೆ ನಿಂತಿದ್ದವು. ಅದರ ಕೆಳಗೆ ಒಂದು ಗೇಣು ಜಾಗ ಖಾಲಿ.

ಮಳೆಯಲ್ಲಿ ಕೊಚ್ಚಿಹೋದ ಕಾಲುಸಂಕಕ್ಕಾಗಿ ಅರ್ಜಿ ಹಿಡಿದು ಬಂದಿದ್ದ ಹಿರಿಯರೊಬ್ಬರು "ನಮ್ ಮೆಂಬ್ರು ಯಾರು ಸ್ವಾಮಿ?" ಎಂದು ಕೇಳಿದರು. "ಈಗ ಮೆಂಬ್ರು ಅಂತ ಯಾರೂ ಇಲ್ಲ ಯಜಮಾನ್ರೇ, ಆಡಳಿತಾಧಿಕಾರಿಗಳಿಗೆ ಅಂತ ಬರ್ದು ಟಪಾಲಿಗೆ ಕೊಟ್ಟೋಗಿ" ಎಂಬ ಉತ್ತರ ಬಂತು. ಕನ್ನಡಕ ಮರೆತು ಬಂದಿದ್ದ ಅವರ ಅರ್ಜಿಯಲ್ಲಿ ಸದಸ್ಯರ ಪದವನ್ನು ಹೊಡೆದು ಅಧಿಕಾರಿಯ ಪದನಾಮವನ್ನು ಬರೆದುಕೊಟ್ಟವನು ನಾನು. ಆ ಗಳಿಗೆಯ ಸಂಕಟ ಇನ್ನೂ ಇಳಿದಿಲ್ಲ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ನಾವು ಮತ ಹಾಕಿದ್ದು 2016ರಲ್ಲಿ. ಐದು ವರ್ಷದ ಅವಧಿ 2021ರಲ್ಲಿ ಮುಗಿದರೂ ಹೊಸ ಚುನಾವಣೆ ನಡೆಯಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಇ ಅನುಚ್ಛೇದ ಸ್ಪಷ್ಟವಾಗಿ ಹೇಳುತ್ತದೆ. ಅದೇ ಮತಗಟ್ಟೆಗಳಲ್ಲಿ 2023ರಲ್ಲಿ ವಿಧಾನಸಭೆಗೂ 2024ರಲ್ಲಿ ಲೋಕಸಭೆಗೂ ಮತದಾನ ನಡೆಯಿತು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಎಂಬ ಕಾರಣಗಳನ್ನು ಸರ್ಕಾರಗಳು ಕೊಡುತ್ತಲೇ ಬಂದವು. ಪಕ್ಷ ಬದಲಾದರೂ ಕಾರಣ ಬದಲಾಗಲಿಲ್ಲ. ಅವೆರಡೂ ಸಕಾಲದಲ್ಲಿ ಮುಗಿಸಬೇಕಾದ ಕೆಲಸಗಳೇ ಹೊರತು ಜನರ ಮತವನ್ನು ತಡೆಹಿಡಿಯಲು ಪರವಾನಗಿಯಲ್ಲ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆ ಬರುವ ಮೊದಲೇ, 1987ರಲ್ಲಿ, ಜಿಲ್ಲಾ ಪರಿಷತ್ತುಗಳನ್ನು ಚುನಾಯಿಸಿದ ರಾಜ್ಯ ನಮ್ಮದು ಎಂಬುದನ್ನು ನೆನೆದಾಗ ಸಿಟ್ಟು ಇನ್ನಷ್ಟು ಏರುತ್ತದೆ.

"ಮೆಂಬರುಗಳಿದ್ದಾಗ ಕಮಿಷನ್ ಕಾಟ, ಅಧಿಕಾರಿಗಳೇ ವಾಸಿ" ಎಂದು ಸ್ನೇಹಿತರು ಹೇಳುತ್ತಾರೆ. ಕಮಿಷನ್ ಸುಳ್ಳೆಂದು ನಾನು ವಾದಿಸುವುದಿಲ್ಲ. ಆದರೆ ಕೆಟ್ಟ ಸದಸ್ಯನನ್ನು ಮುಂದಿನ ಚುನಾವಣೆಯಲ್ಲಿ ಮನೆಗೆ ಕಳುಹಿಸಬಹುದು. ಆಡಳಿತಾಧಿಕಾರಿಯನ್ನು ನೇಮಿಸುವುದೂ ಎತ್ತಂಗಡಿ ಮಾಡುವುದೂ ಬೆಂಗಳೂರು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರಂಥವರೇ ಮತ ಕೇಳಿಕೊಂಡು ಬಂದು ನಿಂತ ಕ್ಷೇತ್ರದವರು ನಾವು. ನಮ್ಮನ್ನು ಆಳುವವರು ನಮ್ಮ ಒಪ್ಪಿಗೆ ಪಡೆದು ಬರಬೇಕೆಂಬುದನ್ನು ನಮಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗಿದ್ದೂ ಆ ಒಪ್ಪಿಗೆಯನ್ನೇ ಕೇಳದೆ ಆಡಳಿತ ನಡೆಯುತ್ತಿರುವಾಗ ಇಷ್ಟು ವರ್ಷ ಸುಮ್ಮನಿದ್ದೇವೆ.

ಒಂದು ಮಾತನ್ನು ಮುಚ್ಚಿಡಲಾರೆ. 2016ರ ಫೆಬ್ರವರಿಯ ಆ ದಿನ ಕಾಫಿ ಕುಯ್ಲಿನ ಆಳುಗಳನ್ನು ಬಿಟ್ಟು ಹೋಗಲಾರದೆ ನಾನು ಮತ ಹಾಕಿರಲಿಲ್ಲ. ಮತಗಟ್ಟೆ ಇದ್ದುದು ನಮ್ಮ ತೋಟದ ಗೇಟಿನಿಂದ ಕೂಗಳತೆಯ ದೂರದಲ್ಲಿ.