ಹದಿನೆಂಟು ಡಿಗ್ರಿಯ ಮರ್ಯಾದೆ

ಮೇ ತಿಂಗಳಲ್ಲಿ ಕಾರವಾರದಲ್ಲಿ ಶಾಲು, ಸ್ವೆಟರ್ ಮಾರುವ ಅಂಗಡಿ ಹಾಕುವ ಯೋಚನೆ ಯಾರಿಗಾದರೂ ಇದ್ದರೆ ಒಳ್ಳೆ ಜಾಗ ತೋರಿಸುತ್ತೇನೆ. ಥಿಯೇಟರ್ ಗೇಟಿನ ಪಕ್ಕ. ಹೊರಗೆ ಸೆಕೆ ಎಂದರೆ ಸ್ನಾನ ಮಾಡಿ ಟವೆಲ್ ಒಣಹಾಕುವಷ್ಟರಲ್ಲಿ ಮತ್ತೆ ಬೆವರು. ಒಳಗೆ ಕಾಲಿಟ್ಟರೆ ಹಲ್ಲು ಕಟಕಟ. ಮೊದಲ ಅರ್ಧ ಗಂಟೆ ಯಾರೂ ಸಿನಿಮಾ ನೋಡುವುದಿಲ್ಲ. ಎಸಿ ಗಾಳಿ ನೇರ ತಲೆಗೆ ಬಡಿಯದ ಸೀಟು ಎಲ್ಲಿದೆ ಎಂದು ನೋಡುತ್ತಾರೆ. ಹೆಂಗಸರು ಸೆರಗು ಹೊದೆಯುತ್ತಾರೆ. ಗಂಡಸರು ಎರಡೂ ಕೈ ಕಂಕುಳಿಗೆ ಸೇರಿಸಿ, ಏನೂ ಆಗಿಲ್ಲ ಎಂಬಂತೆ ಕೂರುತ್ತಾರೆ. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ಬಾತ್‌ರೂಮಿಗೆ ಓಡುತ್ತಾರೆ.

ಇಂಟರ್ವಲ್ ಆಗುತ್ತದೆ. ಎಲ್ಲರೂ ಹೊರಗೆ ಬಂದು ಬಿಸಿ ಚಾ ಕುಡಿದು ಮೈ ಕಾಯಿಸಿಕೊಂಡು ಮತ್ತೆ ಒಳಗೆ ಹೋಗುತ್ತಾರೆ. ಅಲ್ಲಿ ಎಸಿ ಬಂದ್. ವಿಲನ್ ಹೊಡೆಸಿಕೊಳ್ಳುವ ಹೊತ್ತಿಗೆ ಹೀರೋಗಿಂತ ಜಾಸ್ತಿ ಬೆವರಿದವರು ಬಾಲ್ಕನಿಯಲ್ಲಿ ಇರುತ್ತಾರೆ. 'ಏ, ಎಸಿ ಹಾಕ್ರೋ' ಎಂಬ ಕೂಗು, ಶಿಳ್ಳೆ. ಪಾಪ್‌ಕಾರ್ನ್ ಡಬ್ಬಿ ಹರಿದು ಬೀಸಣಿಗೆ ಮಾಡಿಕೊಳ್ಳುತ್ತಾರೆ. ಈ ಇಡೀ ವ್ಯವಸ್ಥೆಗೆ ಥಿಯೇಟರಿನವರು ಇಟ್ಟಿರುವ ಹೆಸರು ಕರೆಂಟ್ ಉಳಿತಾಯ.

ಥಿಯೇಟರಿಗೂ ಎಸಿಗೂ ನೂರು ವರ್ಷದ ನಂಟಿದೆ. 1925ರ ಬೇಸಿಗೆಗೆ ನ್ಯೂಯಾರ್ಕಿನ ರಿವೋಲಿ ಥಿಯೇಟರಿನಲ್ಲಿ, ಆಧುನಿಕ ಎಸಿ ಕಂಡುಹಿಡಿದ ವಿಲ್ಲಿಸ್ ಕ್ಯಾರಿಯರ್ ತನ್ನ ಯಂತ್ರ ಕೂರಿಸಿದ. ಮೊದಲ ದಿನ ಜನ ರೂಢಿಯಂತೆ ಬೀಸಣಿಗೆ ಹಿಡಿದೇ ಬಂದಿದ್ದರಂತೆ. ಯಂತ್ರದ ತಂಪು ನಿಧಾನಕ್ಕೆ ಹರಡಿತು, ಒಂದೊಂದೇ ಬೀಸಣಿಗೆ ನಿಂತಿತು. ನಾವು ನೂರು ವರ್ಷ ಮುಂದೆ ಬಂದಿದ್ದೇವೆ. ನಮ್ಮಲ್ಲಿ ಬೀಸಣಿಗೆ ಇಂಟರ್ವಲ್ ಆದಮೇಲೆ ಶುರುವಾಗುತ್ತದೆ.

ಮಾಲೀಕರ ಕಷ್ಟ ಸುಳ್ಳು ಅಂತ ಹೇಳುತ್ತಿಲ್ಲ. ಮುನ್ನೂರು ಸೀಟಿಗೆ ಹದಿನೇಳು ಜನ ಬಂದ ದಿನವೂ ಮೀಟರ್ ಓಡುತ್ತದೆ. ಓಡದೇ ಇದ್ದರೂ ಮಂಜೂರಾದ ಲೋಡಿಗೆ ಫಿಕ್ಸೆಡ್ ಚಾರ್ಜ್ ಕಟ್ಟಲೇಬೇಕು. ಬಿಲ್ ಬಂದ ದಿನ ಅವರ ಮುಖ ನೋಡಲಾಗುವುದಿಲ್ಲ. ಆದರೆ ಆ ಬಿಲ್ಲಿನಲ್ಲಿ ದೊಡ್ಡ ಪಾಲು ತಿನ್ನುವುದು ಎಸಿ. ಅದಕ್ಕೆ ಮದ್ದು ರಿಮೋಟಿನಲ್ಲೇ ಇದೆ. ಒಂದು ಡಿಗ್ರಿ ಏರಿಸಿದರೆ ಎಸಿ ಎಳೆಯುವ ಕರೆಂಟಿನಲ್ಲಿ ಸುಮಾರು 6 ಪರ್ಸೆಂಟ್ ಉಳಿಯುತ್ತದೆ ಎಂದು ಕರೆಂಟ್ ಉಳಿತಾಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿಯವರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. 18ರಿಂದ 24ಕ್ಕೆ ಏರಿಸಿ, ಹತ್ತಿರಹತ್ತಿರ ಮೂರನೇ ಒಂದು ಪಾಲು ಉಳಿಯಿತು. ಇಂಟರ್ವಲ್ ನಂತರವೂ ಜನ ಮನುಷ್ಯರ ಹಾಗೆ ಕೂರಬಹುದು.

ಬಾಗಿಲು ಕಾಯುವ ಅಣ್ಣನ ಹತ್ತಿರ ಇದನ್ನು ಹೇಳಿ ನೋಡಿ.

'ಅಣ್ಣಾ, ಎಸಿ ಸ್ವಲ್ಪ ಇಪ್ಪತ್ನಾಲ್ಕಕ್ಕೆ ಇಡ್ತೀರಾ?'

'ಆಗೂದಿಲ್ಲ ಮಾರಾಯ್ರೆ. ರಿಮೋಟು ಸಾಹೇಬ್ರ ಡ್ರಾವರಲ್ಲಿ ಉಂಟು. ಡ್ರಾವರಿನ ಚಾವಿ ಸಾಹೇಬ್ರ ಹತ್ರ.'

'ಸಾಹೇಬ್ರು?'

'ಹುಬ್ಬಳ್ಳಿಗೆ ಹೋಗಿದ್ದಾರೆ.'

ಇಪ್ಪತ್ನಾಲ್ಕು ಡಿಗ್ರಿ ಎಂದರೆ ನಮಗೆ ಏನೋ ಅವಮಾನ. ದುಡ್ಡು ಕೊಟ್ಟಿದ್ದೇವೆ, ನಡುಗದೇ ಹೋದರೆ ಹೇಗೆ? ಮದುವೆ ಊಟದಲ್ಲಿ ಎಲೆಯ ಮೇಲೆ ಅನ್ನ ಉಳಿದರೇ ಮನೆಯವರಿಗೆ ಮರ್ಯಾದೆ ಎನ್ನುವ ಹಾಗೆ ಇದು. 2020ರ ಜನವರಿಯಿಂದ ಹೊಸ ರೂಮ್ ಎಸಿಗಳು ಆನ್ ಮಾಡಿದ ಕೂಡಲೇ 24ರಲ್ಲಿ ಶುರುವಾಗಬೇಕು ಎಂಬ ನಿಯಮ ಬಂತು. ಅದು 24ರಲ್ಲೇ ಶುರುವಾಗುತ್ತದೆ. ನಾವು ಮರುಕ್ಷಣವೇ 18ಕ್ಕೆ ಇಳಿಸುತ್ತೇವೆ. 2025ರ ಜೂನಿನಲ್ಲಿ ಕೇಂದ್ರದ ವಿದ್ಯುತ್ ಸಚಿವರು, ಇನ್ನು ಎಸಿಗಳು 20ಕ್ಕಿಂತ ಕೆಳಗೆ ಇಳಿಯದ ಹಾಗೆ ಮಾಡುತ್ತೇವೆ ಎಂದಾಗ ದೇಶದ ಜನ ಗಾಬರಿಬಿದ್ದರು. ಹೊದ್ದ ಕಂಬಳಿಯನ್ನೇ ಸರ್ಕಾರ ಕಿತ್ತುಕೊಂಡಿತು ಎಂದು ಸಿಟ್ಟಾದವರೂ ಇರಬಹುದು. ಎಸಿ ಹಾಕಿ ಕಂಬಳಿ ಹೊದೆಯುವವರೇ ಅಲ್ವಾ ನಾವು.

ಕರಾವಳಿಯ ತೊಂದರೆ ಬರೀ ಬಿಸಿ ಅಲ್ಲ ಎಂಬುದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಕಾಡುವುದು ಗಾಳಿಯಲ್ಲಿರುವ ನೀರು. ಆ ನೀರನ್ನು ಹಿಂಡಿ ತೆಗೆದರೆ 25 ಡಿಗ್ರಿಯಲ್ಲೂ ಮೈ ಹಾಯಾಗಿರುತ್ತದೆ. ಅದಕ್ಕೆ ಎಸಿ ಸಮಾಧಾನದಿಂದ, ಬಹಳ ಹೊತ್ತು ಓಡಬೇಕು. ನಮ್ಮವರು ಏನು ಮಾಡುತ್ತಾರೆ? ಬೇಕಾದ್ದಕ್ಕಿಂತ ದೊಡ್ಡ ಯಂತ್ರ ತಂದು ಕೂರಿಸುತ್ತಾರೆ. ಅದು ಗಬಗಬ ತಣ್ಣಗೆ ಮಾಡುತ್ತದೆ, ಕಟ್ ಆಗುತ್ತದೆ. ನೀರು ಹಿಂಡಲು ಸಮಯವೇ ಸಿಗುವುದಿಲ್ಲ. ಹಾಗಾಗಿ ಥಿಯೇಟರಿನೊಳಗೆ ಒಂದು ನಮೂನೆ ಒದ್ದೆ ಚಳಿ. ಸೀಟಿಗೆಲ್ಲ ಮಳೆಗಾಲದ ಗೋಣಿಚೀಲದ ಮುಗ್ಗಲು ವಾಸನೆ. ಅದನ್ನು ಮುಚ್ಚಲು ಮಲ್ಲಿಗೆ ಸೆಂಟಿನ ಸ್ಪ್ರೇ. ಅದರ ಖರ್ಚು ಬೇರೆ.

ಇನ್ನು ಥಿಯೇಟರಿನ ಹಿಂಭಾಗಕ್ಕೆ ಬನ್ನಿ. ಎಸಿಯ ಹೊರಗಿನ ಯೂನಿಟ್ಟುಗಳು ಅಲ್ಲಿ ಸಾಲಾಗಿ ಕೂತಿವೆ. ಸಮುದ್ರದ ಉಪ್ಪುಗಾಳಿ ಹೊಡೆದು ಅವುಗಳ ಅಲ್ಯೂಮಿನಿಯಂ ರೆಕ್ಕೆಗಳು ಮುಟ್ಟಿದರೆ ಪುಡಿ. ತಿಂಗಳಿಗೊಮ್ಮೆ ಸಿಹಿನೀರು ಹೊಡೆದು ತೊಳೆದರೆ ಸಾಕು ಎಂದು ಮೆಕ್ಯಾನಿಕ್ ಹೇಳಿ ಹೋಗಿದ್ದಾನೆ. ತೊಳೆಯಲು ಆಗುವುದಿಲ್ಲ, ಯಾಕೆಂದರೆ ಯೂನಿಟ್ಟಿನ ಎದುರಿಗೆ ಹೀರೋನ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ. ಒಳಗಿನ ಬಿಸಿಯನ್ನು ಹೊರಗೆ ಉಗುಳಬೇಕಾದ ಯಂತ್ರ ಹೀರೋನ ಎದೆಗೆ ಉಗುಳುತ್ತದೆ. ಅದೇ ಬಿಸಿ ವಾಪಸ್ ಬಂದು ಯಂತ್ರದ ಮುಖಕ್ಕೇ ಬಡಿಯುತ್ತದೆ. ಕಂಪ್ರೆಸರ್ ಏದುಸಿರು ಬಿಡುತ್ತದೆ, ಮೀಟರ್ ಗರಗರ ತಿರುಗುತ್ತದೆ. ಫ್ಲೆಕ್ಸ್ ಬಿಚ್ಚಿ ಎಂದರೆ ಅಭಿಮಾನಿಗಳು ಬಿಡುತ್ತಾರಾ?

ಅಲ್ಲೇ ಎಮರ್ಜೆನ್ಸಿ ಬಾಗಿಲ ಬುಡದಲ್ಲಿ ಒಂದು ಕಂದು ನಾಯಿ ಮಲಗಿರುತ್ತದೆ. ಬಾಗಿಲಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳು ಸಂದಿ. ಅದರಿಂದ ತಣ್ಣನೆ ಗಾಳಿ ಬರುತ್ತದೆ. ನಾಯಿ ಮೊದಲು ಹೊಟ್ಟೆಯನ್ನು ಸಂದಿಗೆ ಒತ್ತಿ ಮಲಗುತ್ತದೆ, ಆಮೇಲೆ ಮಗ್ಗುಲು ಬದಲಿಸಿ ಬೆನ್ನು ಒತ್ತುತ್ತದೆ. ಕ್ಯಾಂಟೀನಿನ ಹುಡುಗ ಸೋಡಾ ಕ್ರೇಟ್ ಅಡ್ಡ ಇಟ್ಟು ಒಳಬಾಗಿಲು ತೆರೆದಿಟ್ಟ ದಿನ ನಾಯಿ ಅಲ್ಲಿಗೆ ಹೋಗುತ್ತದೆ. ತಂಪು ಎಲ್ಲೆಲ್ಲಿ ಸೋರುತ್ತದೆ ಎಂದು ಕಂಡುಹಿಡಿಯಲು ದೊಡ್ಡ ಊರುಗಳಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದ ಆಡಿಟರ್ ಬರುತ್ತಾರೆ, ಫೀಸು ತೆಗೆದುಕೊಳ್ಳುತ್ತಾರೆ. ಇಲ್ಲಿ ಒಂದು ತುಂಡು ಬಿಸ್ಕತ್ತಿಗೆ ಆ ಕೆಲಸ ಆಗುತ್ತಿದೆ. ವರದಿ ಓದುವವರು ಬೇಕು ಅಷ್ಟೇ. ಬಾಗಿಲಿಗೆ ಒಂದು ರಬ್ಬರ್ ಪಟ್ಟಿ ಹಚ್ಚಿದರೆ ಆಯಿತು. ಹಚ್ಚುವುದಿಲ್ಲ. ನಾಯಿಯ ಪುಣ್ಯ.

ಹದಿನೇಳು ಜನರ ವಿಷಯಕ್ಕೆ ಮತ್ತೆ ಬರೋಣ. ಸುಮ್ನೆ ಕೂತ ಮನುಷ್ಯ ಹೆಚ್ಚುಕಡಿಮೆ 100 ವ್ಯಾಟ್ ಬಿಸಿ ಬಿಡುತ್ತಾನೆ. ಮುನ್ನೂರು ಜನ ತುಂಬಿದರೆ 30 ಕಿಲೋವ್ಯಾಟ್. ಆ ಬಿಸಿಯನ್ನು ಎಳೆಯಲಿಕ್ಕೇ ಎಂಟೂವರೆ ಟನ್ನಿನ ಎಸಿ ಬೇಕು. ಹದಿನೇಳು ಜನಕ್ಕೆ ಅರ್ಧ ಟನ್ ಸಾಕು. ಹೊರಗಿನ ಸೆಕೆಗಾಳಿಯನ್ನು ಒಳಗೆ ಎಳೆಯುವ ಬ್ಲೋವರ್‌ಗೂ ಇದೇ ಲೆಕ್ಕ. ಥಿಯೇಟರಿನೊಳಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ನೋಡಿ, ಜನ ಕಮ್ಮಿ ಇದ್ದರೆ ಬ್ಲೋವರನ್ನು ನಿಧಾನ ಮಾಡುವ ಸೆನ್ಸರ್‌ಗಳಿವೆ. ನಮ್ಮಲ್ಲಿ ಬ್ಲೋವರ್‌ಗೆ ಎರಡೇ ಸ್ಪೀಡು. ಆನ್, ಆಫ್. ಹಾಗಾಗಿ ಮಂಗಳವಾರದ ಮ್ಯಾಟಿನಿಯಲ್ಲಿ 283 ಖಾಲಿ ಕುರ್ಚಿಗಳು ಹಾಯಾಗಿ ತಣ್ಣಗಿರುತ್ತವೆ.

ಘಟ್ಟ ಹತ್ತಿ ಶಿರಸಿಗೆ ಹೋದರೆ ಇನ್ನೂ ಚೆಂದ. ಡಿಸೆಂಬರಿನ ಸೆಕೆಂಡ್ ಶೋ. ಹೊರಗೆ ಜನ ಮಫ್ಲರ್ ಸುತ್ತಿಕೊಂಡು ಕಷಾಯ ಕುಡಿಯುತ್ತಿದ್ದಾರೆ. ಒಳಗೆ ಎಸಿ ಓಡುತ್ತಿದೆ. ಹೊರಗಿನ ಆ ತಂಪನ್ನೇ ಡ್ಯಾಂಪರ್, ಅಂದರೆ ಗಾಳಿಕೊಳವೆಯ ಬಾಗಿಲು, ತೆರೆದು ಒಳಗೆ ಬಿಟ್ಟರೆ ಕಂಪ್ರೆಸರ್ ಮಲಗಬಹುದು. ಆದರೆ ಬೋರ್ಡಿನ ಮೇಲೆ ಎಸಿ ಎಂದು ಬರೆದಾಗಿದೆ. ಶಿರಸಿಯ ಗಾಳಿಯನ್ನು ಶಿರಸಿಯವರಿಗೇ ದುಡ್ಡು ತೆಗೆದುಕೊಂಡು ಕೊಟ್ಟರೆ ಜನ ಬೈಯುವುದಿಲ್ಲವಾ?

ಹಾಗಂತ ನಮ್ಮದು ಕರೆಂಟಿಗೆ ಬರಗಾಲದ ಜಿಲ್ಲೆಯಲ್ಲ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಒಂದರ ಕೆಳಗೊಂದು ಅಣೆಕಟ್ಟು. ಇಷ್ಟಾಗಿಯೂ ಒಂದು ಗುಡುಗಿಗೆ ಊರೇ ಕತ್ತಲು. ಆಗ ಥಿಯೇಟರಿನ ಜನರೇಟರ್ ಪ್ರೊಜೆಕ್ಟರನ್ನು ಎಳೆಯುತ್ತದೆ, ಎಸಿಯನ್ನು ಎಳೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ನಿಜವಾದ ಇಂಧನ ಉಳಿತಾಯ ನಡೆಯುವುದು ಆಗ ಮಾತ್ರ.

ಇಂಥ ಹೊತ್ತಲ್ಲಿ ಒಂದು ಕಾರ್ಯಾಗಾರ ಆಗದೇ ಇರುತ್ತದಾ? ಇನ್ನೂ ಆಗಿಲ್ಲ ಎಂದರೆ ಮಾರ್ಚ್ ತಿಂಗಳಲ್ಲಿ ಆಗುತ್ತದೆ, ಬರೆದಿಟ್ಟುಕೊಳ್ಳಿ. ವಿಷಯ, 'ಚಿತ್ರಮಂದಿರಗಳಲ್ಲಿ ದಕ್ಷ ತಾಪನ ಹಾಗೂ ಶೈತ್ಯೀಕರಣದ ಮೂಲಕ ಇಂಧನ ವೆಚ್ಚ ನಿರ್ವಹಣೆ'. ತಜ್ಞರು ಕೋಟು, ಟೈ ಹಾಕಿಕೊಂಡು ಬರುತ್ತಾರೆ. ಕಾರವಾರದಲ್ಲಿ ಕೋಟು ಹಾಕಬೇಕೆಂದರೆ ಹಾಲ್ 18ರಲ್ಲೇ ಇರಬೇಕು. ಹಂಚುವ ಕೈಪಿಡಿಯನ್ನು ಯಾವುದೋ ಚಳಿದೇಶದಿಂದ ಇಳಿಸಿಕೊಂಡಿರುತ್ತಾರೆ. ಅದರ ಮೊದಲ ಸಲಹೆ, ಛಾವಣಿ ಮೇಲಿನ ಹಿಮವನ್ನು ಆಗಾಗ ತೆಗೆಸಿ. ಎರಡನೆಯದು, ಬಾಯ್ಲರನ್ನು ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ. ಎಲ್ಲರೂ ಪೆನ್ನು ತೆಗೆದು ಗುರುತು ಹಾಕಿಕೊಳ್ಳುತ್ತಾರೆ.

ಇದಕ್ಕೆ ಬಂದ ಅನುದಾನದ ಆದೇಶದಲ್ಲಿ ತಾಪನ, ಅಂದರೆ ಬಿಸಿ ಮಾಡುವುದು, ಎಂಬ ಮಾತು ಇದೆಯಲ್ಲ, ಅರ್ಧ ದುಡ್ಡು ಅದಕ್ಕೇ ಖರ್ಚಾಗಬೇಕು. ಆ ದುಡ್ಡಲ್ಲಿ ರಬ್ಬರ್ ಪಟ್ಟಿ ಹಾಕಿಸೋಣ ಎಂದು ಯಾರೋ ಹೊಸ ಗುಮಾಸ್ತ ಬಾಯಿ ತೆಗೆದರೆ ಅವನನ್ನು ಕೂರಿಸುತ್ತಾರೆ. ಲೆಕ್ಕಶೀರ್ಷಿಕೆ ಬದಲಾಯಿಸಲು ಬರುವುದಿಲ್ಲ. 31ರೊಳಗೆ ಬಿಲ್ ಆಗದಿದ್ದರೆ ಹಣ ವಾಪಸ್. ಹೀಗೆ ಕಾರವಾರದ ಥಿಯೇಟರಿಗೆ ಎಂಟು ಹೀಟರ್ ಬರುತ್ತವೆ. ಏಪ್ರಿಲಿನಲ್ಲಿ ಉದ್ಘಾಟನೆ. ರಿಬ್ಬನ್ ಕತ್ತರಿಸುವವರ ಕತ್ತರಿ ಬೆವರಿಗೆ ಜಾರುತ್ತದೆ.

ಮೇ ತಿಂಗಳಲ್ಲಿ ಜನ ಎಂದಿನಂತೆ ಚಳಿ ಎಂದು ಕೂಗುತ್ತಾರೆ. ರಿಮೋಟು ಡ್ರಾವರಲ್ಲೇ ಇರುತ್ತದೆ. ಹೀಟರಿನ ಸ್ವಿಚ್ಚು ಮಾತ್ರ ಗೋಡೆ ಮೇಲಿದೆ, ಕೈಗೆ ಸಿಗುತ್ತದೆ. ಬಾಗಿಲ ಅಣ್ಣ ಹೋಗಿ ಒತ್ತುತ್ತಾನೆ. ಎಸಿ 18ರಲ್ಲಿ, ಹೀಟರ್ ಫುಲ್. ನಡುವಿನ ಸಾಲಿನವರಿಗೆ ಸರಿಯಾಗಿ 24 ಡಿಗ್ರಿ ಸಿಗುತ್ತದೆ. ತಜ್ಞರು ಬಂದು ಥರ್ಮಾಮೀಟರ್ ಇಟ್ಟು ಗುರಿ ತಲುಪಿದೆ ಎಂದು ಸಹಿ ಹಾಕಿ ಹೋಗುತ್ತಾರೆ.

ಜುಲೈನಲ್ಲಿ ಮಳೆ ಹಿಡಿಯುತ್ತದೆ. ಹದಿನೈದು ದಿನ ಬಿಸಿಲಿಲ್ಲ, ಊರಲ್ಲಿ ಯಾರ ಮನೆಯಲ್ಲೂ ಬಟ್ಟೆ ಒಣಗುವುದಿಲ್ಲ. ಮೊದಲು ಬಾಗಿಲ ಅಣ್ಣ ತನ್ನ ಖಾಕಿ ಪ್ಯಾಂಟನ್ನು ಹೀಟರಿನ ಎದುರು ನೇತುಹಾಕುತ್ತಾನೆ. ಮರುದಿನ ಕ್ಯಾಂಟೀನಿನವನ ಟವೆಲ್. ಆಮೇಲೆ ಅಕ್ಕಪಕ್ಕದ ಮನೆಯವರು ಬಕೆಟ್ ಹಿಡಿದು ಸಾಲು ನಿಲ್ಲುತ್ತಾರೆ. ಅಷ್ಟೊತ್ತಿಗೆ ಮಾಲೀಕರು ಹುಬ್ಬಳ್ಳಿಯಿಂದ ಬಂದಿರುತ್ತಾರೆ. ಅಂಗಿಗೆ 5 ರೂಪಾಯಿ, ಸೀರೆಗೆ 15, ಜಮಖಾನಕ್ಕೆ 30 ಎಂದು ಬೋರ್ಡ್ ಹಾಕಿಸುತ್ತಾರೆ. ಸಿನಿಮಾ ನೋಡುವುದು ಫ್ರೀ.